ಪಹಣಿಯಲ್ಲಿ ಇಲ್ಲದ ನಮ್ಮಜ್ಜಿ

ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. ಪೌತಿ ಖಾತೆ ಮಾಡಿಸಿಕೊಳ್ಳಿ, ಮಾಡಿಸಿಕೊಳ್ಳಿ ಅಂತ ಊರಲ್ಲೆಲ್ಲ ಹೇಳ್ತಾ ಇದ್ದರಲ್ಲ, ನಾನೂ ಹೋದ ತಿಂಗಳು ಒಂದು ಮಳೆ ದಿನ ಗದ್ದೆ ಕೆಲಸ ಬಿಟ್ಟು ವಂಶವೃಕ್ಷ ಬರೆಯೋಕೆ ಕೂತೆ. ಮೇಲ್ಗಡೆ ತಾತನ ಹೆಸರು, ಪಕ್ಕದಲ್ಲಿ ಅಜ್ಜಿ ಹೆಸರು, ಕೆಳಗೆ ಅಪ್ಪ, ಇಬ್ಬರು ಅತ್ತೆಯರು. ತಾತನ ಕಾಗದ ಎಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿದೆ. ಗೇಣಿ ರಸೀತಿ, ಕಂದಾಯದ ರಸೀತಿ, ಫಾರಂ ನಂ. 10, ಸೊಸೈಟಿ ಸಾಲದ ಪುಸ್ತಕ. ಅದನ್ನೆಲ್ಲ ಹಾಸಿಗೆ ಮೇಲೆ ಹರವಿಕೊಂಡು ಅಜ್ಜಿ ಹುಟ್ಟಿದ ದಿನ ಎಲ್ಲಾದರೂ ಸಿಕ್ಕೀತಾ ಅಂತ ಹುಡುಕಿದೆ. ಸಿಗಲಿಲ್ಲ. ವೋಟರ್ ಕಾರ್ಡಲ್ಲಿ ಒಂದು ವಯಸ್ಸು, ರೇಷನ್ ಕಾರ್ಡಲ್ಲಿ ಇನ್ನೊಂದು, ಪಿಂಚಣಿ ಕಾಗದದಲ್ಲಿ ಜನವರಿ ಒಂದನೇ ತಾರೀಖು. ನಮ್ಮ ಕಡೆ ಅರವತ್ತು ದಾಟಿದ ಹೆಂಗಸರೆಲ್ಲ ಜನವರಿ ಒಂದಕ್ಕೇ ಹುಟ್ಟಿದವರು, ನಿಮಗೂ ಗೊತ್ತಲ್ಲ.

ಆದರೆ ಅಜ್ಜಿಗೆ ತನ್ನ ವಯಸ್ಸು ಚೆನ್ನಾಗಿ ಗೊತ್ತಿತ್ತು. ಕೇಳಿದರೆ ಹೇಳೋಳು, "ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಗಾಲಿ ತಿರುಗ್ದ ವರ್ಸ ನಾನು ಹುಟ್ಟಿದ್ದು. ಗಾಂಧಿ ಬೂದಿ ತಂದು ಪಶ್ಚಿಮವಾಹಿನಿಗೆ ಬುಟ್ರಲ್ಲ, ಆ ವರ್ಸ ನನ್ನ ಮದ್ವೆ." ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಗಾಂಧೀಜಿ ಚಿತಾಭಸ್ಮ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟದ್ದು 1948ರ ಫೆಬ್ರವರಿಯಲ್ಲಿ. ಅಲ್ಲಿಗೆ ಮದುವೆ ಹೊತ್ತಿಗೆ ಹದಿನೈದು ವರ್ಷ. ಯಾವ ಕಾಗದಕ್ಕಿಂತಲೂ ಈ ಲೆಕ್ಕ ಗಟ್ಟಿ. ಆದರೆ ಇದನ್ನ ಅರ್ಜಿಯ ಯಾವ ಕಾಲಂನಲ್ಲಿ ಬರೆಯೋದು?

ಆ ದಿನದಿಂದ ತಲೆಯಲ್ಲಿ ಇದೇ ಓಡ್ತಾ ಇದೆ. ನಮ್ಮೂರಿನ ಬಗ್ಗೆ ಕಾಗದದಲ್ಲಿ ಏನೇನಿದೆ, ಏನೇನಿಲ್ಲ ಅಂತ.

ಪಾಲಹಳ್ಳಿ ಕಾಗದದಲ್ಲಿ ಇಲ್ಲದ ಊರಲ್ಲ. ಶ್ರೀರಂಗಪಟ್ಟಣದಿಂದ ಕನ್ನಂಬಾಡಿಗೆ ಹೋಗೋ ದಾರಿಯ ಊರು. ಸುತ್ತಮುತ್ತಲ ಸೀಮೆಗೆ ಹಿಂದೆ ಅಷ್ಟಗ್ರಾಮ ಅಂತ ಹೆಸರು. ಟಿಪ್ಪು ಬಿದ್ದ ಮಾರನೇ ವರ್ಷ, 1800ರಲ್ಲಿ, ಬುಕಾನನ್ ಅನ್ನೋ ಡಾಕ್ಟರು ಈ ಕಡೆ ಬಂದು ಇಲ್ಲಿಯ ಬೇಸಾಯ ಎಲ್ಲ ಬರೆದುಕೊಂಡು ಹೋದ. ಒಣಗಿದ ಬೀಜ ಚೆಲ್ಲೋ ಬರಬತ್ತ, ಮೊಳಕೆ ಕಟ್ಟಿ ಚೆಲ್ಲೋ ಮೊಳೆಬತ್ತ, ಒಟ್ಲು ಹಾಕಿ ಕಿತ್ತು ನೆಡೋ ನಾಟಿ, ಹೀಗೆ ಮೂರು ಬಗೆ ಭತ್ತದ ಬೇಸಾಯ ಇದೆ ಅಂತ ನಮ್ಮ ಮಾತುಗಳಲ್ಲೇ ಬರೆದಿದ್ದಾನೆ. ಇನ್ನೂರು ವರ್ಷಕ್ಕೂ ಹಿಂದಿನ ಪುಸ್ತಕದಲ್ಲಿ ನಾಟಿ ಅನ್ನೋ ಮಾತು ನೋಡಿದಾಗ ನನಗೆ ಮೈ ಜುಮ್ ಅಂದಿತ್ತು. ಆಮೇಲೆ 1847ರಲ್ಲಿ ನಮ್ಮೂರಿನಲ್ಲೇ ಒಂದು ಸಕ್ಕರೆ ಕಾರ್ಖಾನೆ ಶುರುವಾಯ್ತು. ಅಷ್ಟಗ್ರಾಮ ಶುಗರ್ ವರ್ಕ್ಸ್ ಅಂತ. ಗ್ರೋವ್ಸ್ ಅನ್ನೋ ಕಂಪನಿ ಕಟ್ಟಿದ್ದು. ರೈತರು ಆಲೆಮನೆಯಲ್ಲಿ ಮಾಡಿದ ಬೆಲ್ಲ ಕೊಂಡುಕೊಂಡು ಅದನ್ನ ಶುದ್ಧ ಮಾಡಿ ಸಕ್ಕರೆ ಮಾಡೋ ಕಾರ್ಖಾನೆ. ಮಂಡ್ಯದ ಕಾರ್ಖಾನೆಗಿಂತ ಎಂಬತ್ತಾರು ವರ್ಷ ಮುಂಚೆ! ರೈಸ್ ಬರೆದ ಮೈಸೂರು ಗೆಜೆಟಿಯರಿನಲ್ಲಿ ಇದು ಇದೆ. ಕಂಪನಿ ಹೆಸರು ಇದೆ. ಆ ಬೆಲ್ಲದ ಕಬ್ಬಿಗೆ ಕಳೆ ಕಿತ್ತವರು ಯಾರು, ಸೋಗೆ ಹೊತ್ತವರು ಯಾರು, ಕೊಪ್ಪರಿಗೆ ಒಲೆಗೆ ರಚ್ಚು ಒಣಗಿಸಿ ಕೊಟ್ಟವರು ಯಾರು, ಅದು ಬೇಡ ಬಿಡಿ, ಯಾರೂ ಬರೆಯಲ್ಲ.

ಊರ ಪಕ್ಕದಲ್ಲೇ ರಂಗನತಿಟ್ಟು. ಸಲೀಂ ಅಲಿಯವರು ಮಹಾರಾಜರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದರು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ಯಾವ ಕೊಕ್ಕರೆ ಎಷ್ಟು ಗೂಡು ಕಟ್ಟಿತು ಅಂತ ಲೆಕ್ಕ ಇಡ್ತಾರೆ. ಇಡಲಿ, ಒಳ್ಳೇದೇ. ಅದೇ ಕೊಕ್ಕರೆಗಳು ನಮ್ಮ ಗದ್ದೆಯಲ್ಲಿ ನಾಟಿ ಹಾಕೋ ಹೆಂಗಸರ ಹಿಂದೆ ಹಿಂದೆ ಹುಳ ಹುಪ್ಪಟೆ ಹೆಕ್ಕಿಕೊಂಡು ಓಡಾಡೋವು. ಹೆಂಗಸರ ಲೆಕ್ಕ ಇಟ್ಟವರಿಲ್ಲ.

ಅಜ್ಜಿ ಈ ಊರಿನವಳಲ್ಲ. ನಾಗಮಂಗಲ ಸೀಮೆಯ ಒಂದು ಸಣ್ಣ ಹಳ್ಳಿಯವಳು. ಅದು ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನೋ ಬೆದ್ದಲು ಸೀಮೆ. ರಾಗಿ, ಹುರುಳಿ, ಅವರೆ, ಒಂದಷ್ಟು ಕುರಿ. ಮದುವೆ ಮುಗಿಸಿಕೊಂಡು ಗಾಡಿಯಲ್ಲಿ ಬಂದರಂತೆ. ಆಗ ಪಾಂಡವಪುರಕ್ಕೆ ಹಳೇ ಜನ ಇನ್ನೂ ಫ್ರೆಂಚ್ ರಾಕ್ಸ್ ಅಂತಲೇ ಅನ್ನೋರು. ಅಲ್ಲಿ ಎತ್ತು ಬಿಚ್ಚಿ ಮಲಗಿದ್ದು, ಬೆಳಗ್ಗೆ ಪಟ್ಟಣದ ವೆಲ್ಲೆಸ್ಲಿ ಸೇತುವೆ ಮೇಲೆ ಗಾಡಿ ಹತ್ತಿದಾಗ ಕೆಳಗೆ ಹೊಳೆ ನೋಡಿ ಕಣ್ಣು ಮುಚ್ಚಿಕೊಂಡು ಕೂತಳಂತೆ. "ಅಷ್ಟೊಂದು ನೀರ ನಾನು ನೋಡೇ ಇರ್ಲಿಲ್ಲ ಕನಪ್ಪ. ನಮ್ಮೂರಲ್ಲಿ ಒಂದು ಬಿಂದ್ಗೆ ನೀರ್ಗೆ ಅರ್ಧ ದಿನ. ಇಲ್ಲಿ ನೋಡುದ್ರೆ ಯಾರ್ಗೂ ಬ್ಯಾಡ್ದೆ ಹರೀತಾ ಅದೆ."

ಹೊಳೆ ಕಡೆಗೆ ಹೆಣ್ಣು ಕೊಟ್ಟರೆ ಮಗಳು ಅನ್ನ ಉಣ್ತಾಳೆ ಅಂತ ಅವರಪ್ಪನ ಆಸೆ. ಬಂದ ಮೇಲೆ ಗೊತ್ತಾಯ್ತು, ನೆಲ್ಲು ಬೆಳೆಯೋರ ಮನೆಯಲ್ಲಿ ಉಣ್ಣೋದು ಮುದ್ದೆನೇ ಅಂತ. ಗದ್ದೆ ಪಟ್ಟಣದ ಒಬ್ಬ ಜಮೀನ್ದಾರರದ್ದು, ತಾತ ಗೇಣಿಗೆ ಮಾಡ್ತಾ ಇದ್ದದ್ದು ಒಂದು ಎಕರೆ ಹತ್ತು ಗುಂಟೆ. ಕಣದಲ್ಲಿ ರಾಶಿ ಪೂಜೆ ಆದ ಕೂಡಲೆ ಅವರ ಪಾಲು ಅಳೆದು ಗಾಡಿಗೆ ಹಾಕಿ ಕಳಿಸಬೇಕು. ಮಿಕ್ಕಿದ್ದರಲ್ಲಿ ಬಿತ್ತನೆಗೆ ಎತ್ತಿಟ್ಟು, ಸಾಲಕ್ಕೆ ಅಳೆದು, ಆಮೇಲೆ ಉಳಿದ ಭತ್ತದಲ್ಲಿ ಸ್ವಲ್ಪ ಅವಳ ತವರಿಗೆ ಹೋಗೋದು, ಅಲ್ಲಿಂದ ರಾಗಿ ಬರೋದು. ಹುಲ್ಲಿಗೂ ಅದೇ ಲೆಕ್ಕ. ಅನ್ನ ಹಬ್ಬಕ್ಕೆ, ಇಲ್ಲ ನೆಂಟರು ಬಂದರೆ, ಇಲ್ಲ ಕಾಯಿಲೆ ಬಿದ್ದರೆ.

ನಮ್ಮ ಗದ್ದೆಗೆ ನೀರು ವಿರಿಜಾ ನಾಲೆಯದ್ದು. ಬಲಮುರಿ ಕಟ್ಟೆಯಿಂದ ಬರೋ ನಾಲೆ. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾಗಿದ್ದು, ಇದು ಅದಕ್ಕಿಂತ ಎಷ್ಟೋ ಹಳೇದು. ಆದ್ದರಿಂದ ನಮ್ಮದು ಹಳೇ ಗದ್ದೆ ಬಯಲು. ಕಪ್ಪು ಮಣ್ಣಲ್ಲಿ ಮೊಣಕಾಲವರೆಗೂ ಹೂತುಹೋಗೋ ಕೆಸರು. ಬೆದ್ದಲಲ್ಲಿ ಬೆಳೆದ ಹುಡುಗಿಗೆ ಮೊದಲನೇ ಹೈನಿಗೆ ಕೆಸರಲ್ಲಿ ನಿಲ್ಲೋಕೇ ಬರಲಿಲ್ಲವಂತೆ. ಪಕ್ಕದವರು ಎರಡು ಗೇಣು ಹಿಂದೆ ಸರಿಯೋ ಹೊತ್ತಿಗೆ ಇವಳು ಕಾಲು ಕಿತ್ತುಕೊಳ್ಳೋಕೆ ಒದ್ದಾಡೋಳು. ಅತ್ತೆ, ಅಂದರೆ ನಮ್ಮ ಮುತ್ತಜ್ಜಿ, ಬದುವಿನ ಮೇಲೆ ನಿಂತು "ಮಾನಗೇಡಿ, ಗದ್ದೆಗಿಳ್ಯೋಕೆ ಬರ್ದೋಳ್ನ ತಂದ್ರಲ್ಲ" ಅಂತ ಎಲ್ಲರ ಮುಂದೆ ಬೈದಳಂತೆ. ಎರಡೇ ವರ್ಷ. ಮೂರನೇ ಹೈನಿಗೆ ಸಾಲಿನ ತುದಿಯಲ್ಲಿ ನಿಲ್ಲೋಳು ಅಜ್ಜಿನೇ. ತುದಿಯಲ್ಲಿ ನಿಲ್ಲೋಳು ಚುರುಕಾಗಿರಬೇಕು. ಅವಳ ಕೈ ನೋಡಿಕೊಂಡೇ ಉಳಿದ ಸಾಲು ಹಿಂದಕ್ಕೆ ಬರೋದು. ಪದ ಎತ್ತಿಕೊಡೋಳೂ ಅವಳೇ.

ನಾಟಿಯ ಬಗ್ಗೆ ಒಂದು ಲೆಕ್ಕ ಹೇಳಬೇಕು. ಕೂತು ಹಾಕಿದ ಲೆಕ್ಕ, ತಪ್ಪಿದ್ದರೆ ಹೇಳಿ. ನಮ್ಮ ಕಡೆ ಒಂದು ಎಕರೆ ನಾಟಿಗೆ ಹನ್ನೆರಡು ಹೆಣ್ಣಾಳು ಅಂತ ಇಟ್ಟುಕೊಳ್ಳಿ. ಅಜ್ಜಿ ನಮ್ಮ ಗದ್ದೆಗೆ, ಮುಯ್ಯಾಳಿಗೆ, ಕೂಲಿಗೆ ಎಲ್ಲ ಸೇರಿ ವರ್ಷಕ್ಕೆ ಇಪ್ಪತ್ತೈದು ದಿನ ಆದರೂ ನಾಟಿ ಹಾಕ್ತಾ ಇದ್ದಳು. ಎರಡು ಬೆಳೆ ಆದ ವರ್ಷ ಇನ್ನೂ ಜಾಸ್ತಿ. ಐವತ್ತು ವರ್ಷ ಹಾಕಿದಳು. ಸಾವಿರದ ಇನ್ನೂರೈವತ್ತು ದಿನ. ಹನ್ನೆರಡರಿಂದ ಭಾಗಿಸಿ. ಒಬ್ಬಳೇ ಹೆಂಗಸು ಬಗ್ಗಿ, ಹಿಂದಕ್ಕೆ ನಡೆದುಕೊಂಡು, ನೂರು ಎಕರೆ ಮೇಲೆ ನೆಟ್ಟಿದ್ದಾಳೆ. ಪೈರು ಕೀಳೋದು, ಕಳೆ ಕೀಳೋದು, ಕೊಯ್ಲು, ಹೊರೆ ಹೊರೋದು, ತೂರೋದು ಬೇರೆ. ಇದರ ಮೇಲೆ ಕೋಳಿ ಕೂಗೋ ಹೊತ್ತಿಗೆ ಎದ್ದು ಭತ್ತ ಕುಟ್ಟೋದು.

ಆ ಕುಟ್ಟೋದರ ಬಗ್ಗೆ ಅವಳಿಗೆ ಇದ್ದ ಸಿಟ್ಟು ಬೇರೆ ಯಾವುದರ ಬಗ್ಗೆಯೂ ಇರಲಿಲ್ಲ. ಒನಕೆ ಹಿಡಿದು ಅಂಗೈಯಲ್ಲಿ ಎದ್ದಿದ್ದ ಜಡ್ಡು ಸಾಯೋವರೆಗೂ ಹೋಗಲಿಲ್ಲ. ಪಟ್ಟಣದಲ್ಲಿ ಅಕ್ಕಿ ಮಿಲ್ಲು ಬಂದು, ತಾತ ಮೊದಲನೇ ಸಲ ಮೂಟೆ ಹಾಕಿಕೊಂಡು ಹೋಗಿ ಅಕ್ಕಿ ಮಾಡಿಸಿಕೊಂಡು ಬಂದ ದಿನ ಒರಳುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ "ಇನ್ನು ಮಲಿಕೊ ತಾಯಿ" ಅಂದಳಂತೆ. ನಾವು ಹುಡುಗರು ಆಗಸ್ಟ್ ಹದಿನೈದಕ್ಕೆ ಬಾವುಟ ಹಿಡಿದುಕೊಂಡು ಬಂದು ಸ್ವಾತಂತ್ರ್ಯ ಅಂತ ಏನಾದರೂ ಕೇಳಿದರೆ ನಗೋಳು. "ನಂಗೆ ಸ್ವಾತಂತ್ರ್ಯ ಬಂದಿದ್ದು ಮಿಲ್ಲು ಬಂದಾಗ."

ಐ.ಆರ್. 8 ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ವಿ.ಸಿ. ಫಾರಂನವರು ಹೇಳಿದ್ದು, ಸೊಸೈಟಿಯಲ್ಲಿ ಗೊಬ್ಬರ ಕೊಟ್ಟದ್ದು, ಇಳುವರಿ ಏರಿದ್ದು, ಇದೆಲ್ಲ ಹಸಿರು ಕ್ರಾಂತಿ ಅಂತ ಓದಿದ್ದೀವಿ. ತಾತ ಕೂಡ ಅದನ್ನ ಹೊಗಳೋನು. ಅಜ್ಜಿ ಹೇಳ್ತಾ ಇದ್ದ ಮಾತೇ ಬೇರೆ. ರಾಜಮುಡಿ, ದೊಡ್ಡಬೈರನೆಲ್ಲು, ಬಂಗಾರಸಣ್ಣ ಇದ್ದಾಗ ಪೈರು ಎತ್ತರ ಬೆಳೆದು ನೆರಳು ಮಾಡಿ ಕಳೆ ತುಳಿಯೋದು. ಈ ಗಿಡ್ಡ ತಳಿಗೆ ಯೂರಿಯಾ ಹಾಕಿದರೆ ಭತ್ತಕ್ಕಿಂತ ಮುಂಚೆ ಕಳೆ ಎದ್ದು ಕೂತ್ಕೊಳ್ಳೋದು. ಒಂದು ಕಳೆ ಇದ್ದದ್ದು ಎರಡು ಕಳೆ ಆಯ್ತು. ಬೇಸಿಗೆ ಬೆಳೆ ಬಂದು ಅದೂ ಸೇರಿ ನಾಲ್ಕು. ಗಂಡಸರ ಉಳುಮೆಗೆ ಟಿಲ್ಲರ್ ಬಂತು, ಟ್ರ್ಯಾಕ್ಟರ್ ಬಂತು. ಹೆಂಗಸರ ಸೊಂಟಕ್ಕೆ ಏನೂ ಬರಲಿಲ್ಲ. ಆಮೇಲೆ ಕಳೆನಾಶಕ ಬಂತು ಅಂತೀರಾ? ಬಂತು. ಅದರ ಜೊತೆಗೆ ಬದುವಿನ ಒಂದೆಲಗ, ಹೊನಗೊನ್ನೆ, ಅಣ್ಣೆ ಸೊಪ್ಪು ಎಲ್ಲ ಹೋದವು. ಕಳೆ ಕೀಳೋಕೆ ಹೋದೋಳು ಮಡಿಲು ತುಂಬ ಬೆರಕೆ ಸೊಪ್ಪು ತಂದು ಬಸ್ಸಾರು ಮಾಡೋಳು. ಗದ್ದೆ ಏಡಿನೂ ಈಗ ಅಪರೂಪ. ನಾನೂ ಕಳೆನಾಶಕ ಹೊಡೆದವನೇ, ನನ್ನ ಬಾಯಲ್ಲಿ ಈ ಮಾತು ಜಾಸ್ತಿ ಬೇಡ.

ಈಗ ಗೇಣಿ ವಿಷಯಕ್ಕೆ ಬರ್ತೀನಿ. ಇಷ್ಟು ಬರೆಯೋಕೆ ಕೂತದ್ದೇ ಇದಕ್ಕೆ.

ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿದಾರರು ಫಾರಂ ನಂ. 7 ಹಾಕಬೇಕು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅಧಿಭೋಗದ ಹಕ್ಕು ಕೊಡುತ್ತೆ. ಕೊನೇ ದಿನ ಮುಂದೆ ಹೋಗ್ತಾ ಹೋಗ್ತಾ 1979ರ ಜೂನ್ 30ಕ್ಕೆ ನಿಂತಿತು. ಊರಲ್ಲಿ ಅರ್ಧ ಜನ ಮೊದಲನೇ ವರ್ಷದಲ್ಲೇ ಹಾಕಿದರು. ನಮ್ಮ ತಾತ ಹಾಕಲಿಲ್ಲ. ಹೆದರಿಕೆ ಅಂತ ಅಲ್ಲ. ಆ ಮನೆಯವರು ಇವನ ಮದುವೆಗೆ ಧಾರೆ ಪಂಚೆ ಕೊಟ್ಟಿದ್ದರು, ಬರಗಾಲದಲ್ಲಿ ಗೇಣಿ ಬಿಟ್ಟಿದ್ದರು. "ಅನ್ನ ಕೊಟ್ಟೋರ ಮ್ಯಾಲೆ ಅರ್ಜಿ ಹಾಕಾದಾ?" ಅನ್ನೋನು. ಅವರೂ ಜಾಣರು. ಒಂದು ದಿನ ಮನೆಗೇ ಬಂದು ಜಗಲಿ ಮೇಲೆ ಕೂತು, ನಾನು ಗೇಣಿದಾರ ಅಲ್ಲ, ಕೂಲಿಗೆ ಮಾಡ್ತಾ ಇರೋನು ಅಂತ ಒಂದು ಕಾಗದಕ್ಕೆ ರುಜು ಹಾಕಿಕೊಡು, ನಿನ್ನ ನಾವು ಬಿಡಿಸಲ್ಲ ಅಂದರು.

ತಾತ ಪೆನ್ನು ಈಸ್ಕೊಂಡಿದ್ದನಂತೆ. ಒಳಗಿಂದ ಅಜ್ಜಿ ಬಂದಳು. ಹೊರಗಿನ ಗಂಡಸರ ಮುಂದೆ ಬಂದು ಮಾತಾಡೋ ರೂಢಿ ಇರಲಿಲ್ಲ ಆಗ. ಬಾಗಿಲ ಮರೆಯಲ್ಲೇ ನಿಂತು ಕೇಳಿದಳಂತೆ, "ಸೋಮಿ, ಅವ್ರು ಕೂಲಿ ಅಂದ್ರೆ ಕೂಲಿ ಕೊಟ್ಟಿದ್ದು ಯಾರು? ಇಪ್ಪತ್ತಾರು ವರ್ಸದ ನನ್ನ ಕೂಲಿ ಎಷ್ಟಾಯ್ತು, ಅದ ಕೊಟ್ಬುಟ್ಟು ರುಜು ತಕ್ಕೊಳಿ." ಅವರು ಎದ್ದು ಹೋದರು. ತಾತ ಮೂರು ದಿನ ಇವಳ ಹತ್ತಿರ ಮಾತು ಬಿಟ್ಟನಂತೆ. ನಾಲ್ಕನೇ ದಿನ ಪಟ್ಟಣಕ್ಕೆ ಹೋಗಿ ಫಾರಂ ಬರೆಸಿದ. ಇದು ದೊಡ್ಡತ್ತೆ ಹೇಳಿದ ಕತೆ. ಆವತ್ತು ಅವಳು ಅಲ್ಲೇ ಇದ್ದಳು, ಬಾಣಂತನಕ್ಕೆ ಬಂದಿದ್ದಳು.

ವಿಚಾರಣೆ ದಿನ ಅಜ್ಜಿನೂ ಹೋದಳು. ಮೊದಮೊದಲು ಆ ನ್ಯಾಯಮಂಡಳಿಗಳಲ್ಲಿ ವಕೀಲರು ವಾದ ಮಾಡೋ ಹಾಗಿರಲಿಲ್ಲ, ರೈತರೇ ಹೇಳಿಕೊಳ್ಳಬೇಕಿತ್ತು. ತಾತನಿಗೆ ಹತ್ತು ಜನರ ಮುಂದೆ ಬಾಯಿ ಬರಲ್ಲ. ಚಕ್ಕುಬಂದಿ ಕೇಳಿದಾಗ ಪೂರ್ವಕ್ಕೆ ಯಾರದ್ದು ಅಂದರೆ ತಡವರಿಸಿದನಂತೆ. ಅಜ್ಜಿ ಹಿಂದಿನಿಂದ ಪೂರ್ವ, ಪಶ್ಚಿಮ, ನಾಲೆ ಕಡೆ ಯಾರು, ಹೊಳೆ ಕಡೆ ಯಾರು, ಯಾವ ಮಡಿಯಲ್ಲಿ ನೀರು ನಿಲ್ಲಲ್ಲ, ಯಾವ ಮಡಿಗೆ ಎಷ್ಟು ಕಟ್ಟು ಪೈರು ಬೇಕು ಎಲ್ಲ ಹೇಳಿದಳಂತೆ. ಮಾಡ್ದೇ ಇರೋರ್ಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು ಅಂತ ಅಲ್ಲಿದ್ದವರಲ್ಲಿ ಒಬ್ಬರು ನಕ್ಕರಂತೆ. 1981ರಲ್ಲಿ ಆದೇಶ ಆಯ್ತು. ಫಾರಂ ನಂ. 10 ಬಂತು. ತಾತನ ಹೆಸರಿಗೆ.

ಉಳುವವನೇ ಹೊಲದೊಡೆಯ. ಎಂಥ ಒಳ್ಳೇ ಮಾತು ಅದು, ನಮ್ಮಂಥ ಎಷ್ಟು ಸಾವಿರ ಮನೆಗೆ ಅನ್ನ ಕೊಟ್ಟ ಮಾತು. ಅದನ್ನ ಕಡಿಮೆ ಮಾಡಿ ಮಾತಾಡೋ ಯೋಗ್ಯತೆ ನನಗಿಲ್ಲ, ಆ ಕಾನೂನು ಇಲ್ಲದಿದ್ದರೆ ನಾನು ಈಗ ಎಲ್ಲಿ ಕೂಲಿ ಮಾಡ್ತಾ ಇರ್ತಿದ್ದೆನೋ. ಆದರೂ ಆ ಮಾತನ್ನ ಇನ್ನೊಂದು ಸಲ ಓದಿ ನೋಡಿ. ಉಳೋನು ಗಂಡಸು. ನಮ್ಮ ಕಡೆ ಹೆಂಗಸು ನೇಗಿಲು ಮುಟ್ಟೋ ಹಾಗಿಲ್ಲ, ಮುಟ್ಟಿದರೆ ಮಳೆ ಬರಲ್ಲ ಅನ್ನೋರು. ನೇಗಿಲ ಕೆಲಸ ಒಂದು ಬೆಳೆಗೆ ಎಂಟು ಹತ್ತು ದಿನ. ಮಿಕ್ಕ ನೂರಿಪ್ಪತ್ತು ದಿನ ಗದ್ದೆಯಲ್ಲಿ ಬಗ್ಗಿರೋರು ಯಾರು? ನೆಡುವವಳೇ ಗದ್ದೆಯೊಡತಿ ಅಂತ ಯಾರೂ ಹೇಳಲಿಲ್ಲ. ಯಾರೋ ಬೇಕು ಅಂತ ಬಿಟ್ಟದ್ದಲ್ಲ. ಯಾರಿಗೂ ಹೊಳೆಯಲೇ ಇಲ್ಲ. ನನಗೂ ಹೊಳೆದದ್ದು ಹೋದ ತಿಂಗಳು.

ತಾತ ಹೋದದ್ದು 1993ರಲ್ಲಿ. ಕೊನೇ ನಾಲ್ಕು ವರ್ಷ ಪಾರ್ಶ್ವವಾಯು ಹೊಡೆದು ಮಲಗಿದ್ದ. ಅಪ್ಪ ಬೆಲ್ಲದ ವ್ಯಾಪಾರ ಅಂತ ಮಂಡ್ಯ ಸುತ್ತುತ್ತಾ ಇದ್ದ. ಆಗ ರಾತ್ರಿ ನೀರು ಕಟ್ಟೋಕೆ ಹೋಗ್ತಾ ಇದ್ದದ್ದು ಅಜ್ಜಿ. ನಾನು ಲಾಟೀನು ಹಿಡಿದುಕೊಂಡು ಜೊತೆಗೆ. ಬೇಸಿಗೆಯಲ್ಲಿ ಕಟ್ಟು ನೀರು, ಅಷ್ಟು ದಿನ ಬಿಟ್ಟು ಅಷ್ಟು ದಿನ ನಿಲ್ಲಿಸೋರು. ನಮ್ಮ ಸರದಿ ಬಂದಾಗ ಮೇಲಿನ ಗದ್ದೆಯವರು ತೂಬು ಮುಚ್ಚಿಬಿಟ್ಟರೆ ಬೆಳಗಾಗೋ ಹೊತ್ತಿಗೆ ನೀರು ಹೋಗಿರೋದು. ಒಂದು ರಾತ್ರಿ ಹಾಗೇ ಆಗಿತ್ತು. ಅಜ್ಜಿ ಕೂಗಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ತಗೊಂಡು ಒಡ್ಡು ಬಿಡಿಸಿ, ಆ ಒಡ್ಡಿನ ಮೇಲೇ ಬೆಳಗಿನವರೆಗೂ ಕೂತಳು. ನೀರುಗಂಟಿ ಬಂದು ನೋಡಿ "ಏನವ್ವ, ನೀನಾ" ಅಂದ. "ನೀರ್ಗೆ ಗಂಡ್ಸು ಹೆಂಗ್ಸು ಗೊತ್ತಾದದಾ? ಹೋಗು" ಅಂದಳು. ನಾನು ಅವಳ ತೊಡೆ ಮೇಲೆ ನಿದ್ದೆ ಮಾಡ್ತಾ ಇದ್ದೆ, ಈ ಮಾತಿಗೆ ಎಚ್ಚರ ಆಯ್ತು. ಈಗಲೂ ನೀರು ಕಟ್ಟೋಕೆ ರಾತ್ರಿ ಹೋದರೆ ಆ ಒಡ್ಡಿನ ಹತ್ತಿರ ಒಂದು ಗಳಿಗೆ ನಿಲ್ತೀನಿ.

ತಾತನ ವರ್ಷ ಕಳೆಯೋಕೆ ಮುಂಚೆ ಖಾತೆ ಅಪ್ಪನ ಹೆಸರಿಗೆ ಮಾಡೋ ಮಾತು ಬಂತು. ನನಗೆ ಹನ್ನೆರಡು ವರ್ಷ, ಚೆನ್ನಾಗಿ ನೆನಪಿದೆ. ಹಕ್ಕು ಖುಲಾಸೆ ಪತ್ರ ಬರೆದುಕೊಂಡು ಪತ್ರ ಬರೆಯೋರು ಮನೆಗೇ ಬಂದಿದ್ದರು. ಪಾಂಡವಪುರದ ಕಡೆ ಕೊಟ್ಟಿದ್ದ ದೊಡ್ಡತ್ತೆ, ಕೆ.ಆರ್. ಪೇಟೆ ಕಡೆ ಕೊಟ್ಟಿದ್ದ ಚಿಕ್ಕತ್ತೆ ಇಬ್ಬರೂ ಬಂದಿದ್ದರು. ಅವ್ವ ಒಬ್ಬಟ್ಟು ಮಾಡಿದ್ದಳು. ಚಿಕ್ಕತ್ತೆ ಏಳನೇ ಕ್ಲಾಸು ಓದಿದ್ದಳು, ಪತ್ರ ಪೂರ್ತಿ ಓದಿ, ಏನೂ ಹೇಳದೆ ರುಜು ಹಾಕಿದಳು. ದೊಡ್ಡತ್ತೆ ಹೆಬ್ಬೆಟ್ಟು. ಆಮೇಲೆ ಅಜ್ಜಿ. ಅಜ್ಜಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಕೈ ಹಾಗೇ ಹಿಡಿದು ಕೇಳಿದಳು, "ಇದ್ರಲ್ಲಿ ನಮ್ಮ ಹೆಸ್ರು ಎಲ್ಲೈತೆ?" ಪತ್ರದವರು ಕೊನೇ ಸಾಲು ತೋರಿಸಿ "ಇಲ್ಲೈತೆ ಕಣವ್ವ, ನೀವು ಮೂರು ಜನ ಬುಟ್ಕೊಟ್ಟಿದ್ದೀರಿ ಅಂತ ಬರ್ದದೆ" ಅಂದರು.

ಅಜ್ಜಿ ಅಪ್ಪನ ಕಡೆ ತಿರುಗಿ, ಕೂತಿದ್ದವರ ಎದುರಿಗೇ ಹೇಳಿದಳು. ಪ್ರತಿ ವರ್ಷ ಹೈನಿನ ಕೊಯ್ಲಾದ ಮೇಲೆ ಇಬ್ಬರು ಹೆಣ್ಣುಮಕ್ಕಳ ಮನೆಗೂ ಒಂದೊಂದು ಮೂಟೆ ಅಕ್ಕಿ ಹೋಗಬೇಕು, ನಾನಿದ್ದರೂ ಸರಿ, ಇಲ್ಲದಿದ್ದರೂ ಸರಿ. "ಅದು ದಾನ ಅಲ್ಲ, ಅವ್ರದ್ದು" ಅಂದಳು. ಅಪ್ಪ ಹೂಂ ಅಂದ. ಹೆಬ್ಬೆಟ್ಟು ಒತ್ತಿದಳು.

ಈಗ ಕಾನೂನು ಓದಿಕೊಂಡಿದ್ದೀನಿ, ಗೊತ್ತಿರೋ ವಕೀಲರೊಬ್ಬರನ್ನೂ ಕೇಳಿದೆ. ನಾನು ತಿಳಿದುಕೊಂಡಿದ್ದು ಹೆಣ್ಣುಮಕ್ಕಳ ಪಾಲು ಅನ್ನೋದು ಮೊನ್ನೆ ಮೊನ್ನೆ ಬಂದ ಕಾನೂನು ಅಂತ. ಹಾಗಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯ್ದೆ ಆಗಿತ್ತು. ವಿಧವೆಯರಿಗೆ, ತಾಯಂದಿರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲಾಗುವಾಗ ಹಕ್ಕು ಕೊಟ್ಟ ಕಾಯ್ದೆ. 1933! ಅಜ್ಜಿ ಹುಟ್ಟಿದ ವರ್ಷ. ಸಕ್ಕರೆ ಕಾರ್ಖಾನೆ ಸುದ್ದಿ ನಾಗಮಂಗಲದ ಆ ಹಳ್ಳಿವರೆಗೂ ಹೋಗಿತ್ತು, ಈ ಸುದ್ದಿ ಹೋಗಲಿಲ್ಲ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅದರ ಪ್ರಕಾರ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತದ್ದರಲ್ಲಿ ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ, ಅದೂ ಅಲ್ಲಿಯವರೆಗೆ ಮದುವೆ ಆಗದೇ ಇದ್ದವರಿಗೆ. ದೇಶಕ್ಕೆಲ್ಲ, ಮದುವೆ ಆದವರಿಗೂ ಸೇರಿ, ಅಂತ ಆದದ್ದು 2005ರಲ್ಲಿ. ಅಂದರೆ ನಮ್ಮನೆ ಜಗಲಿಯಲ್ಲಿ ಪತ್ರ ಬರೆದ ದಿನವೂ ಅಜ್ಜಿಗೆ ಪಾಲಿತ್ತು, ಇಬ್ಬರು ಅತ್ತೆಯರಿಗೂ ಇತ್ತು. ಇತ್ತು ಅಂತಲೇ ಅಲ್ಲವಾ ಖುಲಾಸೆ ಬರೆಸಿಕೊಂಡದ್ದು? ಇಲ್ಲದೇ ಇದ್ದದ್ದನ್ನ ಬಿಟ್ಟುಕೊಡಿ ಅಂತ ಯಾರೂ ಕೇಳಲ್ಲ.

ಅಪ್ಪನ್ನ ಕೆಟ್ಟವನು ಅಂತ ಹೇಳ್ತಾ ಇಲ್ಲ. ಊರಲ್ಲಿ ಎಲ್ಲ ಮನೆಯಲ್ಲೂ ಅದೇ ನಡೀತಾ ಇದ್ದದ್ದು, ಈಗಲೂ ನಡೀತಾ ಇದೆ. ರುಜು ಹಾಕದೇ ಇದ್ದರೆ ತವರಿನ ದಾರಿ ಮುಚ್ಚಿಹೋಗುತ್ತೆ ಅನ್ನೋ ಭಯ ಹೆಣ್ಣುಮಕ್ಕಳಿಗೆ. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯೋಕೆ ಅಣ್ಣ ಬರದೇ ಇದ್ದರೆ ಗಂಡನ ಮನೆಯಲ್ಲಿ ತಲೆ ಎತ್ತೋ ಹಾಗಿಲ್ಲ. ಆ ಹಬ್ಬದ ಸೀರೆ ಎಷ್ಟು ಗುಂಟೆ ಗದ್ದೆ ತಿಂದಿದೆ ಅಂತ ಯಾರಾದರೂ ಲೆಕ್ಕ ಹಾಕಬೇಕು.

ಅಜ್ಜಿ ಇರೋವರೆಗೂ ಅಕ್ಕಿ ಹೋಗ್ತಾ ಇತ್ತು. ಮೂಟೆ ಕಟ್ಟೋಕೆ ಮುಂಚೆ ತಾನೇ ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಬಾಯಿ ಹೊಲಿದು, ಬಸ್ಸಿನ ಮೇಲೆ ಹಾಕಿಸಿ, ಕಂಡಕ್ಟರಿಗೆ ನೂರು ಸಲ ಹೇಳಿ ಕಳಿಸೋಳು. ಕೊನೇ ಸಲ ಕಟ್ಟಿದ್ದು 2012ರ ಹೈನಿನದ್ದು. 2013ರ ಆಷಾಢದಲ್ಲಿ ಹೋದಳು. ನಾಟಿ ಶುರುವಾಗೋ ಹೊತ್ತು. ಊರಿನ ಹೆಂಗಸರು ಅರ್ಧ ದಿನ ನಾಟಿ ನಿಲ್ಲಿಸಿ ಮಣ್ಣಿಗೆ ಬಂದು, ಮಧ್ಯಾಹ್ನ ಗದ್ದೆಗೆ ವಾಪಸ್ ಹೋದರು. ಕಿತ್ತ ಪೈರು ಬಾಡುತ್ತಲ್ಲ, ಬಿಡೋ ಹಾಗಿಲ್ಲ. ಅಜ್ಜಿ ಇದ್ದಿದ್ದರೂ ಹೋಗಿ ಅಂತಲೇ ಅನ್ನೋಳು.

ಆಮೇಲೆ ಎರಡು ಮೂರು ವರ್ಷ ಅಪ್ಪ ಕಳಿಸಿದ. 2016ರಲ್ಲಿ ಕಟ್ಟೆ ತುಂಬಲಿಲ್ಲ, ಬೆಳೆ ಇಡಬೇಡಿ ಅಂದರು, ಗಲಾಟೆ ಎಲ್ಲ ಆಯ್ತು, ನಮ್ಮ ಮನೆಗೇ ಅಕ್ಕಿ ಕೊಂಡು ತಿಂದೆವು. ಆ ವರ್ಷ ನಿಂತದ್ದು ನಿಂತೇ ಹೋಯ್ತು. ಮಾರನೇ ವರ್ಷ ಬೆಳೆ ಬಂತು, ಅದರ ಮುಂದೆನೂ ಬಂತು. ಅಪ್ಪ ಎತ್ತಲಿಲ್ಲ, ನಾನೂ ನೆನಪು ಮಾಡಲಿಲ್ಲ. ಅತ್ತೆಯರೂ ಕೇಳಲಿಲ್ಲ. ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತೆ. ಪ್ರತಿ ಕೊಯ್ಲಿಗೂ ನೆನಪಾಗ್ತಾ ಇತ್ತು. ಹಾರ್ವೆಸ್ಟರ್ ಬಾಡಿಗೆ, ಗೊಬ್ಬರದ ಸಾಲ, ಮಗಳ ಫೀಸು ಅಂತ ಏನೋ ಒಂದು ಮುಂದೆ ಬರೋದು.

ಪೌತಿ ಖಾತೆ ಅರ್ಜಿ ಕೊಟ್ಟಿದ್ದೀನಿ. ಅವ್ವ, ನನ್ನ ತಂಗಿ, ನಾನು, ಮೂರು ಹೆಸರೂ ಒಂಬತ್ತನೇ ಕಾಲಂಗೆ ಬರೋ ಹಾಗೆ. ತಂಗಿ "ಯಾಕಣ್ಣ, ಊರೋರು ಏನಂತಾರೆ" ಅಂದಳು. ಅವ್ವ ಏನೂ ಅನ್ನಲಿಲ್ಲ, ರುಜು ಹಾಕೋ ಜಾಗದಲ್ಲಿ ಕೈ ನಡುಗಿತು ಅಷ್ಟೆ. ಅವಳು ಆರನೇ ಕ್ಲಾಸು ಓದಿದವಳು, ತನ್ನ ಹೆಸರು ಬರೆದು ಎಷ್ಟೋ ವರ್ಷ ಆಗಿತ್ತು. ಹನ್ನೆರಡನೇ ಕಾಲಂನಲ್ಲಿ ಸಾಗುವಳಿ ಮಾಡೋರ ಹೆಸರು ಬರಬೇಕು. ಅಲ್ಲಿ ಅವ್ವನ ಹೆಸರು ಬರೋದು ಹೇಗೆ ಅಂತ ಇನ್ನೂ ವಿಚಾರಿಸ್ತಾ ಇದ್ದೀನಿ.

ಹೋದ ಭಾನುವಾರ ಎರಡು ಮೂಟೆ ಅಕ್ಕಿ ಗಾಡಿಗೆ ಹಾಕಿಕೊಂಡು ಹೊರಟೆ. ರಾಜಮುಡಿ, ಹತ್ತು ಗುಂಟೆಯಲ್ಲಿ ಮನೆಗೆ ಅಂತ ಹಾಕಿದ್ದು. ಮೊದಲು ಕೆ.ಆರ್. ಪೇಟೆ ಕಡೆ, ಚಿಕ್ಕತ್ತೆ ಮನೆ. ಅವಳಿಗೀಗ ಅರವತ್ತೆಂಟು. ಮೂಟೆ ಇಳಿಸೋವರೆಗೂ ಜಗಲಿಯಲ್ಲಿ ನಿಂತು ನೋಡಿದಳು. ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರವಿ, ನುಚ್ಚು ಎಷ್ಟಿದೆ ಅಂತ ಬೆರಳಲ್ಲಿ ಸರಿಸಿದಳು. ಥೇಟ್ ಅಜ್ಜಿ.

"ಒಂಬತ್ತು ವರ್ಸದ್ದು ಬಾಕಿ ಅದೆ ಕನಪ್ಪ," ಅಂದಳು.

ನಗ್ತಾ ಹೇಳಿದಳಾ ಅಂತ ಮುಖ ನೋಡಿದೆ. ನಗ್ತಾ ಇರಲಿಲ್ಲ. ಕಾಫಿ ಕೊಟ್ಟಳು, ಊಟಕ್ಕೆ ಇರು ಅಂದಳು, ಇದ್ದೆ. ಹುರುಳಿ ಕಟ್ಟಿನ ಸಾರು ಮುದ್ದೆ. ಹೊರಡೋವಾಗ ದೊಡ್ಡತ್ತೆ ಮನೆಗೆ ಹೋಗ್ತೀನಿ ಅಂದೆ. "ಫೋನ್ ಮಾಡ್ಕೊಂಡು ಹೋಗು, ಅವ್ಳು ನಿಮ್ಮಪ್ಪನ್ ಮ್ಯಾಲೆ ಕ್ವಾಪ ಇನ್ನೂ ಬುಟ್ಟಿಲ್ಲ" ಅಂದಳು. ಪಾಂಡವಪುರ ದಾಟೋವರೆಗೂ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಎರಡನೇ ಮೂಟೆ ವಾಪಸ್ ಬಂದು ಮನೆ ನಡುಮನೆಯಲ್ಲಿ ಕೂತಿದೆ. ಈ ಭಾನುವಾರ ಫೋನ್ ಮಾಡದೇ ಹೋಗ್ತೀನಿ.